ಬಿಡ್ತು ಅನ್ನಲಿಲ್ಲ ನನ್ನ ಹೆಂಡತಿ

ಎಣ್ಣೆ ತಿಕ್ಕುವ ವಿಷಯದಲ್ಲಿ ನನಗೆ ಯಾರೂ ಪಾಠ ಹೇಳಬೇಕಾಗಿಲ್ಲ ಎಂದು ನಾನು ದೃಢವಾಗಿ ನಂಬಿದ್ದೆ. ನರಕ ಚತುರ್ದಶಿಯ ಬೆಳಿಗ್ಗೆ ಮನೆಮಂದಿಯ ತಲೆಗೆಲ್ಲ ಎಣ್ಣೆ ಒತ್ತುವ ಅಧಿಕಾರ ಮದುವೆಯಾದ ವರ್ಷದಿಂದಲೂ ನನ್ನದೇ. ಒಮ್ಮೆ ನಮ್ಮ ಮಾವ ನನ್ನ ಕೈಕೆಳಗೆ ಬಚ್ಚಲುಮನೆಯ ಮಣೆಯ ಮೇಲೇ ಗೊರಕೆ ಹೊಡೆದಿದ್ದರು. ಇದಕ್ಕಿಂತ ದೊಡ್ಡ ಸರ್ಟಿಫಿಕೇಟ್ ಯಾವ ವಿಶ್ವವಿದ್ಯಾಲಯ ಕೊಟ್ಟೀತು? ಅದೂ ಅಲ್ಲದೆ ನಾನು ಬಿ.ಎಸ್ಸಿ. ಓದಿದವನು. ಸಸ್ಯಶಾಸ್ತ್ರ. ಅದರಲ್ಲಿ ಮನುಷ್ಯರ ಕಾಲಿನ ಬಗ್ಗೆ ಏನೂ ಇರಲಿಲ್ಲ ಎಂಬುದು ನನಗೆ ಆಗ ದೊಡ್ಡ ಕೊರತೆಯಾಗಿ ಕಾಣಲಿಲ್ಲ!

ನನ್ನ ಹೆಂಡತಿ ಮಂಜುಳಾ ಗಾಂಧಿಬಜಾರಿನ ಹತ್ತಿರದ ಒಂದು ಜಿಮ್ಮಿನಲ್ಲಿ ಟ್ರೈನರ್. ಕಾಲೇಜಿನಲ್ಲಿ ಖೋ-ಖೋ ಆಡಿ ಕಪ್ಪುಗಳನ್ನೂ ಒಂದು ಹಾಳಾದ ಮಂಡಿಯನ್ನೂ ಸಂಪಾದಿಸಿದವಳು. ಚಾಮರಾಜಪೇಟೆಯ ನಮ್ಮ ಮನೆಯಿಂದ ಬೆಳಕು ಹರಿಯುವ ಮುಂಚೆ ಹೊರಟು, ಊರಿನವರ ಬೊಜ್ಜು ಕರಗಿಸಲು ತಾನು ಕುಪ್ಪಳಿಸಿ, ಮನೆಗೆ ಬಂದು ಮಂಡಿಗೆ ಐಸ್ ಇಟ್ಟುಕೊಂಡು ಕೂರುತ್ತಿದ್ದಳು. ಹಾಗೆ ಕೂತಿದ್ದಾಗಲೇ ಒಂದು ದಿನ ಹೇಳಿದಳು:

“ರೀ, ಈ ಮಂಡಿ ಇಟ್ಕೊಂಡು ಇನ್ನು ಎಷ್ಟು ವರ್ಷ ಕುಪ್ಪಳಿಸ್ಲಿ? ಸ್ಪೋರ್ಟ್ಸ್ ಮಸಾಜ್ ಕಲೀತೀನಿ. ಓಡೋರು, ಆಡೋರು, ಜಿಮ್ಮಿಗೆ ಬರೋರು, ಎಲ್ರಿಗೂ ಬೇಕು ಅದು. ಮೇಲಿನ ಸಂಪಾದನೆ ಆಗುತ್ತೆ. ಮಂಡಿ ಪೂರ್ತಿ ಕೈಕೊಟ್ಟ ದಿನ ಅದೇ ಕಸುಬು ಆಗುತ್ತೆ.”

ಅವಳು ಸುಮ್ಮನೆ ಹೇಳುವವಳಲ್ಲ. ತರಬೇತಿಗೆ ಸೇರಿದಳು. ಅಡುಗೆಮನೆಯಲ್ಲಿ ಒಗ್ಗರಣೆ ಹಾಕುತ್ತ ಸ್ನಾಯುಗಳ ಹೆಸರು ಬಾಯಿಪಾಠ ಮಾಡಿದಳು. ರಾತ್ರಿಯಾದರೆ ಅಭ್ಯಾಸಕ್ಕೆ ನನ್ನ ದೇಹವೇ ಪ್ರಯೋಗಶಾಲೆ. ಒಂದು ದಿನ ನನ್ನ ಬೆನ್ನಿನ ಮೇಲೆ ಮೊಣಕೈ ಊರಿಕೊಂಡೇ ಹೇಳಿದಳು:

“ಯಾವಾಗ ಮುಟ್ಟಬಾರ್ದು ಅನ್ನೋದೇ ಅರ್ಧ ಪಾಠ ರೀ.”

“ಮುಟ್ಟದೇ ಇರೋಕೂ ಫೀಸು ಕಟ್ಟಿದ್ಯಾ?” ಎಂದು ನಾನು ನಕ್ಕೆ. ಬೆನ್ನು ಅದುರುವಷ್ಟು ನಕ್ಕೆ. ಆ ನಗು ಈಗ ಆಗಾಗ ನನ್ನ ಕಿವಿಯಲ್ಲಿ ಕೇಳುತ್ತದೆ. ಕೇಳಲು ಚೆನ್ನಾಗಿರುವುದಿಲ್ಲ.

ಅವಳ ತರಬೇತಿ ಮುಗಿದ ದಿನ ನಾನು ನನ್ನನ್ನು ವ್ಯವಸ್ಥಾಪಕನ ಹುದ್ದೆಗೆ ಸರ್ವಾನುಮತದಿಂದ ನೇಮಿಸಿಕೊಂಡೆ. ಸಭೆಯಲ್ಲಿ ನಾನೊಬ್ಬನೇ ಇದ್ದೆ. ನಗರ್ತಪೇಟೆಯಲ್ಲಿ ರೆಕ್ಸಿನ್ ತಂದೆ, ಬಡಗಿಯನ್ನು ಹಿಡಿದು ಮುಂದಿನ ರೂಮಿಗೆ ಮಸಾಜ್ ಟೇಬಲ್ ಮಾಡಿಸಿದೆ. ಮಕಾಡೆ ಮಲಗಿದವರು ಮುಖ ಇಡಲು ಅದರಲ್ಲೊಂದು ತೂತು. ಎದುರುಮನೆಯ ಪದ್ಮಮ್ಮ ಅದನ್ನು ನೋಡಲೆಂದೇ ಬಂದರು.

“ಈ ತೂತು ಯಾಕಪ್ಪ ಶ್ರೀಕಂಠು? ಎಣ್ಣೆ ಇಳಿದು ಹೋಗೋಕಾ?”

“ಮುಖ ಇಡೋಕೆ ಪದ್ಮಮ್ಮ.”

“ಮುಖ ಇಟ್ಕೊಂಡು ಏನ್ ನೋಡ್ತಾರೆ?”

“ನೆಲ.”

“ಅದಕ್ಕೆ ದುಡ್ಡು ಬೇರೆ ಕೊಡ್ಬೇಕಾ?” ಎಂದರು. ಹೋಗುವಾಗ, “ಸೀಗೇಪುಡಿ ನೀವೇ ಕೊಡ್ತೀರೋ, ನಾವೇ ತರ್ಬೇಕೋ?” ಎಂದೂ ಕೇಳಿದರು.

ಮುಂದಿನ ಹೆಜ್ಜೆ ಪ್ರಚಾರ. ಕರಪತ್ರ ಅಚ್ಚು ಹಾಕಿಸಿದೆ. ಕಾಗದ ಚಿಕ್ಕದು, ನನ್ನ ಉತ್ಸಾಹ ದೊಡ್ಡದು. ಜಾಗ ಸಾಲದೆ ಒಂದೇ ಒಂದು ಪದ ಬಿಡಬೇಕಾಯಿತು. “ಸ್ಪೋರ್ಟ್ಸ್” ಎಂಬುದನ್ನು ಬಿಟ್ಟೆ. ಉಳಿದದ್ದು ಹೀಗಿತ್ತು: “ನುರಿತ ಮಹಿಳೆಯಿಂದ ಮಸಾಜ್. ಮನೆಯ ವಾತಾವರಣ. ಒಮ್ಮೆ ಬಂದು ನೋಡಿ!” ಹೊರ ಊರಿನ ಆಟಗಾರರೆಲ್ಲ ಮೆಜೆಸ್ಟಿಕ್ಕಿನಲ್ಲಿ ಇಳಿಯುತ್ತಾರಲ್ಲವೇ ಎಂಬ ದೂರಾಲೋಚನೆಯಿಂದ ಅಷ್ಟನ್ನೂ ಉಪ್ಪಾರಪೇಟೆಯ ಲಾಡ್ಜುಗಳ ಮುಂದೆ ಹಂಚಿಸಿದೆ.

ಫೋನು ಬಂದವು. ತುಂಬಾ ಬಂದವು. ಒಬ್ಬನೂ ಆಟಗಾರನಲ್ಲ!

ಮೂರನೆಯ ದಿನ ಪೊಲೀಸ್ ಪೇದೆಯೊಬ್ಬರು ಬಂದರು. ಗೋಡೆಯ ಮೇಲಿನ ಸ್ನಾಯುಗಳ ಚಿತ್ರಪಟ ನೋಡಿದರು, ಖೋ-ಖೋ ಕಪ್ಪುಗಳನ್ನು ನೋಡಿದರು, ಟ್ರ್ಯಾಕ್ ಪ್ಯಾಂಟಿನಲ್ಲಿ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದ ಮಂಜುಳಾಳನ್ನು ನೋಡಿದರು, ಕೊನೆಗೆ ನನ್ನನ್ನು ಬಹಳ ಹೊತ್ತು ನೋಡಿದರು.

“ಕರಪತ್ರ ಯಾರ್ ಬರೆದಿದ್ದು?”

“ನಾನೇ.”

“ಓದಿದೀರಾ?”

“ಬಿ.ಎಸ್ಸಿ.”

“ಅಲ್ಲ ಸಾರ್, ಕರಪತ್ರ ಓದಿದೀರಾ ಅಂತ ಕೇಳ್ದೆ.”

ಅವರು ಹೋದ ಮೇಲೆ ಮಂಜುಳಾ ನನ್ನ ಹುದ್ದೆಯ ವ್ಯಾಪ್ತಿಯನ್ನು ಮರುನಿಗದಿ ಮಾಡಿದಳು: “ಯಾರಾದ್ರೂ ಬಂದ್ರೆ ಬಾಗಿಲು ತೆಗೀರಿ. ಹೋದ್ರೆ ಬಾಗಿಲು ಹಾಕಿ. ಅಷ್ಟೇ.”

ಅಷ್ಟೇ ಮಾಡಿಕೊಂಡಿದ್ದರೆ!

ನಿಧಾನವಾಗಿ ನಿಜವಾದ ಜನ ಬರತೊಡಗಿದರು. ಲಾಲ್‌ಬಾಗಿನಲ್ಲಿ ಓಡುವ ಇಬ್ಬರು, ಹಾಕಿ ಆಡುವ ಒಬ್ಬ ಹುಡುಗಿ, ಜಿಮ್ಮಿನ ಕೆಲವರು. ಮಂಜುಳಾ ಮುಂಜಾನೆಯ ಒಂದು ಬ್ಯಾಚು ಬಿಡುವ ಯೋಚನೆ ಮಾಡಿದಳು. ಮಂಡಿಗೆ ಐಸ್ ಇಡುವುದು ಕಡಿಮೆಯಾಯಿತು. ಆದರೆ ಕರಪತ್ರದ ಮಹಿಮೆಯಿಂದ ನಮ್ಮ ಬೀದಿಯವರು ಮಾತ್ರ ನಮ್ಮ ಗೇಟನ್ನು ಓರೆಗಣ್ಣಿನಲ್ಲೇ ನೋಡುತ್ತಿದ್ದರು. ಅದನ್ನು ತೊಳೆಯಬಲ್ಲವರು ಒಬ್ಬರೇ: ಪದ್ಮಮ್ಮನವರ ಯಜಮಾನರು, ರಂಗಪ್ಪನವರು. ಸರ್ಕಾರಿ ಕೆಲಸದಿಂದ ನಿವೃತ್ತರು, ಬೀದಿಯ ಸಂಘದ ಅಧ್ಯಕ್ಷರು. ಅವರು ಒಳ್ಳೆಯದು ಎಂದರೆ ಬೀದಿಗೆ ಒಳ್ಳೆಯದು. ಅವರು ಮೂಗು ಮುರಿದರೆ ಇಡೀ ಬೀದಿಯ ಮೂಗು ಮುರಿಯುತ್ತದೆ.

ರಂಗಪ್ಪನವರು ಪಾರ್ಕಿನಲ್ಲಿ ಷಟಲ್ ಆಡುವಾಗ ಪಾದ ಉಳುಕಿಸಿಕೊಂಡು ಮಂಡಿಯವರೆಗೆ ಪ್ಲಾಸ್ಟರ್ ಹಾಕಿಸಿಕೊಂಡಿದ್ದರು. ಅದನ್ನು ಬಿಚ್ಚಿಸಿದ ಕೆಲವು ದಿನಕ್ಕೆ, ಒಂದು ಶನಿವಾರ ಸಂಜೆ, ಪದ್ಮಮ್ಮನ ಹೆಗಲು ಹಿಡಿದು ಕುಂಟುತ್ತ ನಮ್ಮ ಮನೆಗೇ ಬಂದರು. ನಾನು ಬಾಗಿಲು ತೆಗೆದೆ. ಅದು ನನ್ನ ವ್ಯಾಪ್ತಿಯಲ್ಲೇ ಇತ್ತು.

“ಮೀನಖಂಡ ಹಿಡ್ಕೊಂಡ್ಬಿಟ್ಟಿದೆಯಮ್ಮ. ಸ್ವಲ್ಪ ನೀವಿಬಿಡು. ಮುಂದಿನ ವಾರ ಆಟಕ್ಕೆ ಇಳೀಬೇಕು,” ಎಂದರು ಮಂಜುಳಾಗೆ.

ಅವಳು ಅವರನ್ನು ಕೂರಿಸಿ ನೋವು ಯಾವಾಗ ಶುರುವಾಯಿತು ಎಂದೆಲ್ಲ ಕೇಳಿದಳು. ಪಂಚೆ ಮೇಲೆತ್ತಿಸಿ ಎರಡೂ ಕಾಲುಗಳನ್ನು ಹೋಲಿಸಿ ನೋಡಿದಳು. ಕೈಯ ಹಿಂಭಾಗವನ್ನು ಒಂದು ಕಾಲಿಗೆ ತಾಗಿಸಿದಳು, ಇನ್ನೊಂದಕ್ಕೆ ತಾಗಿಸಿದಳು. ಎದ್ದು ನಿಂತಳು.

“ಸಾರ್, ಇದೊಂದೇ ಕಾಲು ಊದ್ಕೊಂಡಿದೆ. ಬಿಸಿಯಾಗೂ ಇದೆ. ನಾನು ಮುಟ್ಟಲ್ಲ.”

“ಪ್ಲಾಸ್ಟರಲ್ಲಿತ್ತಲ್ಲಮ್ಮ, ಸೆಳೆತ ಅಷ್ಟೆ.”

“ಇರಬಹುದು. ಆದ್ರೆ ಒಳಗೆ ರಕ್ತ ಹೆಪ್ಪುಗಟ್ಟಿದ್ರೆ, ನಾನು ತಿಕ್ಕಿದಾಗ ಅದು ಕಿತ್ಕೊಂಡು ಶ್ವಾಸಕೋಶಕ್ಕೆ ಹೋಗುತ್ತೆ. ಪ್ರಾಣಕ್ಕೇ ಅಪಾಯ. ಈಗಲೇ ಆಸ್ಪತ್ರೆಗೆ ಹೋಗಿ ಸ್ಕ್ಯಾನ್ ಮಾಡಿಸಿ. ನಡೀಬೇಡಿ, ಆಟೋ ತರಿಸಿ.”

ಪದ್ಮಮ್ಮನವರ ಮುಖ ಬಿಳುಚಿಕೊಂಡಿತು. “ದೀಪ ಹಚ್ಚೋ ಹೊತ್ತಲ್ಲಿ ಏನ್ ಮಾತಮ್ಮ ಇದು! ಬಿಡ್ತು ಅನ್ನು!”

“ಬಿಡ್ತು ಅಂದ್ರೆ ಊತ ಇಳಿಯಲ್ಲ ಪದ್ಮಮ್ಮ. ಸ್ಕ್ಯಾನ್ ಮಾಡಿಸಿ.”

“ಒಂದು ಸಲ ಬಿಡ್ತು ಅನ್ನಮ್ಮ!”

“ಆಟೋ ನಾನೇ ಬುಕ್ ಮಾಡ್ಲಾ?”

ಪದ್ಮಮ್ಮ ಸೆರಗು ಕೊಡವಿಕೊಂಡು, ಒಲೆಯ ಮೇಲೆ ಹಾಲಿದೆ ಎಂದು ದಡಬಡ ಹೊರಟೇಹೋದರು. ರಂಗಪ್ಪನವರು, “ಬೇಡಮ್ಮ, ನಮ್ಮನೇಲೂ ಫೋನಿದೆ,” ಎಂದರು. ಸಂಜೆಯ ಬ್ಯಾಚಿಗೆ ಹೊತ್ತಾಗಿತ್ತು. ಮಂಜುಳಾ ಚೀಲ ಹೆಗಲಿಗೇರಿಸಿ, “ರೀ, ಅವರನ್ನ ಆಟೋ ಹತ್ತಿಸಿಯೇ ಬಾಗಿಲು ಹಾಕಿ,” ಎಂದು ಹೇಳಿ ಸ್ಕೂಟರ್ ಹತ್ತಿದಳು.

ಈಗ ರೂಮಿನಲ್ಲಿ ಇಬ್ಬರೇ. ನಾನು ಮತ್ತು ಬೀದಿಯ ಅಭಿಪ್ರಾಯ.

“ಶ್ರೀಕಂಠು, ತಪ್ಪು ತಿಳೀಬೇಡ,” ಎಂದರು ಅಭಿಪ್ರಾಯದವರು. “ನಿನ್ನ ಹೆಂಡ್ತಿಗೆ ಕಾಲು ಒತ್ತೋಕೆ ಬರಲ್ಲ, ಹೆದರಿಸೋಕೆ ಬರುತ್ತೆ. ನಾಳೆ ಯಾರಾದ್ರೂ ನನ್ನ ಕೇಳಿದ್ರೆ ನಾನು ಹಾಗೇ ಹೇಳ್ಬೇಕಾಗುತ್ತೆ.”

ಅವಳ ಕಸುಬು ನನ್ನ ಕಣ್ಣೆದುರೇ ಕುಂಟಿಕೊಂಡು ಗೇಟಿನತ್ತ ಹೊರಟಿತ್ತು. ಉಳಿಸಿಕೊಳ್ಳುವ ಜವಾಬ್ದಾರಿ ವ್ಯವಸ್ಥಾಪಕನದಲ್ಲವೇ? ನನಗೆ ಬಚ್ಚಲುಮನೆಯ ಮಣೆ ನೆನಪಾಯಿತು. ಮಾವನ ಗೊರಕೆ ನೆನಪಾಯಿತು.

“ಸಾರ್, ಅವಳದು ಪುಸ್ತಕದ ಲೆಕ್ಕ. ಮಲಗಿ. ನಾನು ಮಾಡ್ತೀನಿ.”

“ನಿಂಗೆ ಬರುತ್ತಾ?”

“ದೀಪಾವಳಿ ದೀಪಾವಳಿಗೆ ಮಾಡ್ತೀನಿ ಸಾರ್.”

ಅವರು ತೂತಿನಲ್ಲಿ ಮುಖವಿಟ್ಟು ಮಲಗಿದರು. ನಾನು ಎಳ್ಳೆಣ್ಣೆ ಬಿಸಿಮಾಡಿ ತಂದು ಪಾದದಿಂದ ಮೇಲಕ್ಕೆ ನೀವತೊಡಗಿದೆ. ತೂತಿನೊಳಗಿಂದ “ಆಹಾ” ಬಂತು. ಆ “ಆಹಾ” ಕೇಳಿದ ಮೇಲೆ ನನ್ನನ್ನು ಹಿಡಿಯುವವರು ಯಾರು? ಹೆಬ್ಬೆರಳು ಊರಿದೆ. ಮೀನಖಂಡದ ಆಳದಲ್ಲಿ, ಹಗ್ಗದಂತೆ ಗಟ್ಟಿಯಾಗಿ, ಏನೋ ಸಿಕ್ಕಿತು.

“ಗಂಟು ಸಿಕ್ತು ಸಾರ್!”

“ಸಿಕ್ತಾ? ಬಿಡಬೇಡ!”

“ಬಿಡೋ ಮಾತೇ ಇಲ್ಲ ಸಾರ್!”

ಮಂಜುಳಾ ಮುಟ್ಟುವುದಿಲ್ಲ ಎಂದ ಜಾಗವನ್ನು ನಾನು ಹಲ್ಲು ಕಚ್ಚಿ ಒತ್ತಿದೆ. ಅದು ನನ್ನ ಬೆರಳಡಿ ಜಾರಿತು. “ಕರಗಿತು ನೋಡಿ!” ಎಂದೆ. ಆ ಜಾರಿದ ಕ್ಷಣ ಈಗಲೂ ನನ್ನ ಬಲಗೈಯ ಹೆಬ್ಬೆರಳಿನಲ್ಲೇ ಇದೆ. ಅನ್ನ ಕಲಸುವಾಗ, ಬೀಗದ ಕೈ ತಿರುಗಿಸುವಾಗ, ಬಸ್ಸಿನ ಕಂಬಿ ಹಿಡಿದಾಗ, ಹೇಳದೆ ಕೇಳದೆ ಬರುತ್ತದೆ.

ರಂಗಪ್ಪನವರು ಎದ್ದು ಕಾಲು ಕೊಡವಿದರು. “ಹಗುರಾಯ್ತಪ್ಪ!” ಎಂದರು. ನಾನು ಎದೆ ಉಬ್ಬಿಸಿದೆ. ಅವರು ಗೇಟಿನತ್ತ ನಾಲ್ಕು ಹೆಜ್ಜೆ ಇಟ್ಟರು. ಕೆಮ್ಮಿದರು. ಇನ್ನೊಮ್ಮೆ ಕೆಮ್ಮಿದರು. ಎದೆಯ ಮೇಲೆ ಕೈಯಿಟ್ಟುಕೊಂಡು ಜಗಲಿಕಟ್ಟೆಯ ಮೇಲೆ ಕುಸಿದು ಕೂತರು.

“ಉಸಿರು... ಉಸಿರು ಸಿಕ್ತಿಲ್ಲ ಕಣೋ.”

ಇಲ್ಲಿ ವಿಜ್ಞಾನ ಪದವೀಧರನಾದ ನಾನು ತಕ್ಷಣ ರೋಗವನ್ನು ಕಂಡುಹಿಡಿದೆ. “ಗ್ಯಾಸ್ ಸಾರ್!” ಎಂದೆ. ಒಳಗೆ ಓಡಿ ಜೀರಿಗೆ ನೀರು ತಂದೆ. ಅವರು ಕುಡಿಯಲಾರದೆ ತಲೆಯಾಡಿಸಿದರು. “ಕೂತ್ರೆ ಇಳಿಯಲ್ಲ, ಅಂಗಳದಲ್ಲಿ ಒಂದು ಸುತ್ತು ಹಾಕಿ,” ಎಂದು ಕಂಕುಳಿಗೆ ಕೈಕೊಟ್ಟು ಎಬ್ಬಿಸಿದೆ. ಇದನ್ನು ಎರಡನೆಯ ಸಲ ಕೊಲ್ಲುವ ಪ್ರಯತ್ನ ಎನ್ನಬಹುದು. ಅವರ ತುಟಿ ನೀಲಿಯಾಯಿತು. ನನ್ನ ಹೆಗಲ ಮೇಲೆ ಅವರ ಇಡೀ ಭಾರ ಬಿತ್ತು. ಬೆವರಿನಿಂದ ಅವರ ಅಂಗಿ ತಣ್ಣಗಿತ್ತು.

ಮಂಜುಳಾಗೆ ಫೋನ್ ಮಾಡಿದೆ. ಹಿನ್ನೆಲೆಯಲ್ಲಿ ಜಿಮ್ಮಿನ ಕುಣಿತದ ಹಾಡು ಬಡಿಯುತ್ತಿತ್ತು.

“ಮಂಜು, ರಂಗಪ್ಪನವರಿಗೆ ಸ್ವಲ್ಪ ಉಸಿರು...”

ಹಾಡು ನಿಂತಿತು. “ಕಾಲು ಮುಟ್ಟಿದ್ರಾ?”

“ಸ್ವಲ್ಪ.”

ಅವಳು ಬೈಯಬಹುದಿತ್ತು. ಬೈಯಲಿಲ್ಲ. “ಒಂದು ಹೆಜ್ಜೆ ನಡೆಸ್ಬೇಡಿ. ಹಾಗೇ ಒರಗಿಸಿ ಕೂರಿಸಿ. ಕಾಲಿಗೆ ಕೈ ಹಚ್ಚಬೇಡಿ. ಆಂಬುಲೆನ್ಸ್ ನಾನು ಕಳಿಸ್ತೀನಿ. ಡಾಕ್ಟರ್ ಹತ್ರ ನಿಜ ಹೇಳಿ.”

ಆಂಬುಲೆನ್ಸ್ ಬಂತು. ಬೀದಿಯೆಲ್ಲ ಗೇಟಿಗೆ ಬಂದು ನಿಂತಿತು. ರಂಗಪ್ಪನವರ ಕೈ ಹಿಡಿದುಕೊಂಡು, ಚಪ್ಪಲಿಯೂ ಇಲ್ಲದೆ, ನಾನು ಒಳಗೆ ಹತ್ತಿದ್ದನ್ನು ಎಲ್ಲರೂ ನೋಡಿದರು. ನನ್ನ ಕೈಯ ಎಣ್ಣೆ ಯಾರಿಗೂ ಕಾಣಲಿಲ್ಲ. ದಾರಿಯುದ್ದಕ್ಕೂ ಅವರು ನನ್ನ ಬೆರಳನ್ನು ಬಿಡಲಿಲ್ಲ, ಅದೇ ಹೆಬ್ಬೆರಳನ್ನು. ಆಕ್ಸಿಜನ್ ಮಾಸ್ಕಿನೊಳಗೆ ಅವರ ಉಸಿರು ಮಂಜಾಗಿ ಕಟ್ಟುವುದನ್ನೂ ಮಾಯವಾಗುವುದನ್ನೂ ನೋಡುತ್ತ, ಮತ್ತೊಮ್ಮೆ ಕಟ್ಟಲಿ, ಮತ್ತೊಮ್ಮೆ ಕಟ್ಟಲಿ ಎಂದು ಬೇಡಿಕೊಳ್ಳುತ್ತ ಕೂತಿದ್ದೆ.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಹೊರಗೆ ಬಂದು ಕೇಳಿದರು. “ಕಾಲಲ್ಲಿ ರಕ್ತ ಹೆಪ್ಪುಗಟ್ಟಿತ್ತು. ಚೂರು ಕಿತ್ಕೊಂಡು ಶ್ವಾಸಕೋಶಕ್ಕೆ ಹೋಗಿದೆ. ಯಾರಾದ್ರೂ ತಿಕ್ಕಿದ್ರಾ?”

“ನಾನು.”

“ನೀವು ಫಿಸಿಯೋನಾ?”

“ಇಲ್ಲ. ಬಿ.ಎಸ್ಸಿ. ಸಸ್ಯಶಾಸ್ತ್ರ.”

ಅವರ ಪೆನ್ನು ನಿಂತಿತು. “ಬೇಡ ಅಂತ ಯಾರೂ ಹೇಳಲಿಲ್ವಾ?”

“ಹೇಳಿದ್ರು. ನನ್ನ ಹೆಂಡ್ತಿ. ಅವಳು ಅದನ್ನೇ ಓದಿರೋದು.”

“ಮತ್ತೆ ನೀವ್ಯಾಕೆ...” ಎಂದು ಶುರುಮಾಡಿ, ನನ್ನ ಮುಖ ನೋಡಿ, ಮುಗಿಸದೆ ಒಳಗೆ ಹೋದರು. ಆ ಪ್ರಶ್ನೆಯ ಉಳಿದರ್ಧವನ್ನು ನಾನೇ ಆಗಾಗ ಪೂರ್ತಿಮಾಡಿಕೊಳ್ಳುತ್ತೇನೆ.

ರಂಗಪ್ಪನವರು ಬದುಕಿದರು. ತೀವ್ರ ನಿಗಾ ಘಟಕದಿಂದ ವಾರ್ಡಿಗೆ, ವಾರ್ಡಿನಿಂದ ಮನೆಗೆ ಬಂದರು. ಈ ಕಥೆ ಇಲ್ಲಿಗೆ ಮುಗಿದು, ಬೀದಿಯವರು ನನಗೆ ಛೀಮಾರಿ ಹಾಕಿ, ಮಂಜುಳಾಗೆ ಕೈಮುಗಿದಿದ್ದರೆ ನಾನು ಇದನ್ನು ಬರೆಯುತ್ತಲೇ ಇರಲಿಲ್ಲ.

ಬೀದಿ ಬೇರೆ ತೀರ್ಪು ಕೊಟ್ಟಿತ್ತು.

“ಮುಸ್ಸಂಜೇಲಿ ಪ್ರಾಣ ಹೋಗುತ್ತೆ ಅಂದ್ಲು,” ಎಂದು ಪದ್ಮಮ್ಮ ಮನೆಮನೆಗೆ ಹೇಳಿದ್ದರು. “ಬಿಡ್ತು ಅನ್ನಮ್ಮ ಅಂತ ಬೇಡ್ಕೊಂಡೆ. ಎರಡು ಸಲ ಅಂದೆ. ಅನ್ನಲೇ ಇಲ್ಲ! ಗಳಿಗೆ ಕಳೀಲಿಲ್ಲ, ಅಂದ ಹಾಗೇ ಆಯ್ತು.” ಕೇಳಿದವರು, ಆ ಹೆಂಗಸಿನ ನಾಲಿಗೆ ಮೇಲೆ ಮಚ್ಚೆ ಇರಬೇಕು ಎಂದರು. ಕೆಲವರು ಮಂಜುಳಾ ಮಾತಾಡುವಾಗ ಅವಳ ಬಾಯೊಳಗೆ ಇಣುಕಿ ನೋಡತೊಡಗಿದರು.

ನಾನು ಎದುರುಮನೆಗೆ ಓಡಿದೆ. “ಸಾರ್, ನೀವಾದ್ರೂ ಹೇಳಿ. ಒತ್ತಿದ್ದು ನಾನು!”

“ಹೇಳ್ತಾನೇ ಇದೀನಲ್ಲಪ್ಪ!” ಎಂದರು ರಂಗಪ್ಪನವರು, ದಿಂಬಿಗೆ ಒರಗಿ. “ನೀನು ಒತ್ತಿದ್ದಕ್ಕೇ ಗಂಟು ಕರಗಿ ಸಣ್ಣ ಚೂರು ಹೋಯ್ತು. ಇಲ್ದಿದ್ರೆ ಇಡೀ ಗಂಟೇ ಹೋಗಿರೋದು! ನಿನ್ನ ಕೈಗುಣ ಕಣೋ ಶ್ರೀಕಂಠು. ಬರಿಗಾಲಲ್ಲಿ ಬಂದ್ಯಲ್ಲೋ ನನ್ನ ಜೊತೆ!”

“ಸಾರ್, ನಾನು ಒತ್ತದೇ ಇದ್ದಿದ್ರೆ...”

“ವಿನಯ! ಇದೇ ನೋಡು ನಿನ್ನ ದೊಡ್ಡ ಗುಣ.”

ಡಾಕ್ಟರು ಏನು ಹೇಳಿದರು ಎಂದು ಕೇಳಿದೆ. ಡಾಕ್ಟರುಗಳಿಗೆ ಇದೆಲ್ಲ ಗೊತ್ತಾಗುವುದಿಲ್ಲವಂತೆ.

ನಾನು ಬೀದಿಯ ಒಂದೊಂದು ಗೇಟಿನ ಮುಂದೆಯೂ ನಿಂತು ನಿಜ ಹೇಳಿದೆ. ಹೇಳಿದಷ್ಟೂ ನನ್ನ ಮರ್ಯಾದೆ ಏರಿತು. “ಹೆಂಡ್ತಿ ತಪ್ಪನ್ನೆಲ್ಲ ಮೈಮೇಲೆ ಹಾಕ್ಕೋತಾನೆ. ಇಂಥ ಗಂಡ ಯಾರಿಗೆ ಸಿಗ್ತಾನೆ!” ಎಂದು ನನ್ನ ಬೆನ್ನ ಹಿಂದೆ, ನನಗೆ ಕೇಳುವಷ್ಟು ಗಟ್ಟಿಯಾಗಿ, ಮಾತಾಡಿಕೊಂಡರು. ನನ್ನ ಪ್ರಾಮಾಣಿಕತೆಯ ಒಂದೊಂದು ಮಾತೂ ಅವಳ ತಲೆಗೆ ಒಂದೊಂದು ಕಲ್ಲಾಗಿ ಬಿತ್ತು. ಹಾಕಿ ಹುಡುಗಿಯ ತಾಯಿ ಫೋನ್ ಮಾಡಿ ಮಗಳಿಗೆ ಪರೀಕ್ಷೆ ಇದೆ ಎಂದರು. ಓಡುವ ಇಬ್ಬರೂ ಬೇರೆ ಕಡೆ ಓಡಿದರು. ಜಿಮ್ಮಿನ ಮಾಲೀಕರು, “ಮಸಾಜ್ ವಿಷಯ ಸದ್ಯಕ್ಕೆ ಬೇಡ ಮೇಡಂ, ಜನ ಏನೇನೋ ಅಂತಾರೆ,” ಎಂದರಂತೆ. ಆ ದಿನ ಅವಳು ಮನೆಗೆ ಬಂದು ಗೋಡೆಯ ಮೇಲಿನ ಚಿತ್ರಪಟವನ್ನು ಬಿಚ್ಚಿ, ಸುರುಳಿ ಸುತ್ತಿ, ಅಟ್ಟದ ಮೇಲಿಟ್ಟಳು. ಬಿಟ್ಟುಬಿಡಬೇಕೆಂದಿದ್ದ ಮುಂಜಾನೆಯ ಬ್ಯಾಚಿನ ಜೊತೆಗೆ ಇನ್ನೊಂದು ಬ್ಯಾಚು ತೆಗೆದುಕೊಂಡಳು. ಮಂಡಿಗೆ ಈಗ ಐಸ್ ಸಾಲುವುದಿಲ್ಲ. ಪಟ್ಟಿ ಕಟ್ಟಿಕೊಂಡು ಕುಪ್ಪಳಿಸುತ್ತಾಳೆ.

ರಾಜ್ಯೋತ್ಸವದ ದಿನ ಬೀದಿಯ ಸಂಘ ನನಗೆ ಸನ್ಮಾನ ಏರ್ಪಡಿಸಿತು. ಬೇಡವೆಂದರೆ ಅದೂ ವಿನಯವಾಗುತ್ತಿತ್ತು! ಹೋದೆ, ಮೈಕು ಕೈಗೆ ಸಿಗುತ್ತದಲ್ಲ ಎಂಬ ಒಂದೇ ಆಸೆಯಿಂದ. ತಲೆಗೆ ಪೇಟ ಇಟ್ಟರು, ಶಾಲು ಹೊದಿಸಿದರು, ಕೈಗೆ ಹಣ್ಣಿನ ಬುಟ್ಟಿ ಕೊಟ್ಟರು. ರಂಗಪ್ಪನವರು ನನ್ನನ್ನು ಪ್ರಾಣದಾತ ಎಂದು ಬಣ್ಣಿಸುವಾಗ ಅವರ ಕಣ್ಣು ನಿಜವಾಗಿ ಒದ್ದೆಯಾಗಿತ್ತು. ನಾನು ಮೈಕು ಹಿಡಿದೆ.

“ಬಂಧುಗಳೇ, ರಂಗಪ್ಪನವರನ್ನು ಸಾವಿನ ಬಾಯಿಗೆ ತಳ್ಳಿದವನು ನಾನು! ಮುಟ್ಟಬೇಡಿ ಎಂದು ಸರಿಯಾಗಿ ಹೇಳಿದವಳು, ಆಂಬುಲೆನ್ಸ್ ಕಳಿಸಿ ಉಳಿಸಿದವಳು ನನ್ನ ಹೆಂಡತಿ ಮಂಜುಳಾ!”

ಚಪ್ಪಾಳೆ ಬಿತ್ತು. ಎಂಥ ಚಪ್ಪಾಳೆ! ಹಿಂದಿನಿಂದ ಯಾರೋ ಶಿಳ್ಳೆ ಹೊಡೆದರು. ಎಲ್ಲರೂ ಕೊನೆಯ ಸಾಲಿನಲ್ಲಿ ಕೂತಿದ್ದ ಮಂಜುಳಾ ಕಡೆ ತಿರುಗಿ ನೋಡಿದರು, ಎಂಥ ಗಂಡನನ್ನು ಪಡೆದಿದ್ದೀಯ ತಾಯಿ ಎನ್ನುವಂತೆ. ಅವಳ ಪಕ್ಕದ ಕುರ್ಚಿಯ ಹೆಂಗಸು ಮಾತ್ರ ತೊಡೆಯ ಮೇಲಿದ್ದ ಮಗುವನ್ನು ಮೆಲ್ಲಗೆ ಆ ಕಡೆಯ ತೊಡೆಗೆ ಬದಲಾಯಿಸಿಕೊಂಡಳು. ವೇದಿಕೆಯ ಮೇಲಿನಿಂದ ನನಗೆ ಅದು ಸ್ಪಷ್ಟವಾಗಿ ಕಂಡಿತು. ಪೇಟ ಹಣೆಯ ಮೇಲೆ ಜಾರುತ್ತಿದ್ದರೂ ಕಂಡಿತು.

ಮರುದಿನ ಬೆಳಿಗ್ಗೆ ಗೇಟಿನಲ್ಲಿ ಜನ. ಒಬ್ಬರಿಗೆ ಸೊಂಟ, ಒಬ್ಬರಿಗೆ ಕುತ್ತಿಗೆ. ತ್ಯಾಗರಾಜನಗರದಿಂದ ಯಾರದೋ ಅತ್ತೆಯವರು ಆಟೋದಲ್ಲಿ ಬಂದಿದ್ದರು. “ನಿಮ್ಮ ಕೈಗುಣ ಕೇಳಿ ಬಂದ್ವಿ. ನಿಮ್ಮ ಮನೆಯವರು ಮಾತಾಡ್ಸೋದು ಬೇಡ, ನೀವೇ ಒಂದು ಸಲ ಮುಟ್ಟಿಬಿಡಿ.”

“ನಾನು ಮುಟ್ಟಲ್ಲ,” ಎಂದೆ. ಅವಳಿಂದ ಕಲಿತ ಒಂದೇ ಪಾಠ. ಇಷ್ಟು ದುಬಾರಿ ಫೀಸು ಯಾರೂ ಕಟ್ಟಿರಲಾರರು!

ಆ ಟೇಬಲ್ ಮಡಚುವಂಥದಲ್ಲ. ಬಡಗಿಗೆ ಹಾಗೆ ಮಾಡು ಎಂದು ವ್ಯವಸ್ಥಾಪಕರು ಹೇಳಿರಲಿಲ್ಲ. ಈಗ ಅದರ ಮೇಲೆ ಸನ್ಮಾನದ ಶಾಲು ಹಾಸಿ ನಾನು ಮನೆಯ ಬಟ್ಟೆಗಳಿಗೆಲ್ಲ ಇಸ್ತ್ರಿ ಹಾಕುತ್ತೇನೆ. ಇಸ್ತ್ರಿಪೆಟ್ಟಿಗೆ ಆಗಾಗ ತೂತಿನ ಬಳಿ ಬಂದು ಕೆಳಗೆ ಜಗ್ಗುತ್ತದೆ. ಹಾಗೆ ಜಗ್ಗಿದಾಗಲೆಲ್ಲ ನನ್ನ ಹೆಬ್ಬೆರಳಡಿ ಏನೋ ಜಾರಿದಂತಾಗಿ, ನನಗೇ ತಿಳಿಯದೆ ಬಾಯಿ ಪಿಟಿಪಿಟಿ ಎನ್ನುತ್ತದೆ. ಮೊನ್ನೆ ಮಂಜುಳಾ ಮಂಡಿಗೆ ಪಟ್ಟಿ ಬಿಗಿಯುತ್ತ ಕೇಳಿದಳು:

“ಏನ್ರೀ ಅದು ಗೊಣಗ್ತಿರೋದು?”

“ಏನಿಲ್ಲ. ಬಿಡ್ತು ಅಂದೆ.”

“ಅಂದ್ರೆ ಸುಕ್ಕು ಹೋಗಲ್ಲ. ನೀರು ಚಿಮುಕಿಸಿ.”